ಪುಷ್ಪಾವರಣದೊಳಗೆ ಸಿಕ್ಕಿದ್ದು

2001ರ ವೆಬ್‌ಪುಟಕ್ಕೆ ನೆನಪಿನ ಶಕ್ತಿ ಇರಲಿಲ್ಲ. ಬಳಕೆದಾರ ಒಂದು ಗುಂಡಿ ಒತ್ತಿದರೆ ಪರದೆ ಒಮ್ಮೆ ಬೆಳ್ಳಗಾಗುತ್ತಿತ್ತು. ಆಮೇಲೆ ಇಡೀ ಪುಟ ಸರ್ವರ್‌ನಿಂದ ಮತ್ತೆ ಮೊದಲಿಂದ ಇಳಿದು ಬರುತ್ತಿತ್ತು. ಬದಲಾಗಬೇಕಾಗಿದ್ದದ್ದು ಪಟ್ಟಿಯ ಒಂದೇ ಸಾಲಾದರೂ ಪುಟದ ಅಷ್ಟೂ ಪಠ್ಯ ಇನ್ನೊಮ್ಮೆ ಪ್ರಯಾಣ ಮಾಡಬೇಕಿತ್ತು. ಹೆಚ್ಚಿನ ಮನೆಗಳಲ್ಲಿ ಆಗಿನ್ನೂ ದೂರವಾಣಿ ತಂತಿಗೆ ಜೋಡಿಸಿದ ಮೋಡೆಮ್‌ಗಳೇ ಇದ್ದವು. ವೆಬ್ ಹುಟ್ಟಿದ್ದು ದಾಖಲೆಗಳನ್ನು ಓದುವುದಕ್ಕೆ. ಅದರ ಮೇಲೆ ನಿಜವಾದ ತಂತ್ರಾಂಶ ಕಟ್ಟಲು ಹೊರಟವರೆಲ್ಲ ಈ ಬಿಳಿ ಪರದೆಯ ಎದುರು ಸೋತು ಕೂತಿದ್ದರು.

ಸೋಲೊಪ್ಪದವರು ಇಬ್ಬರಿದ್ದರು, ಡಗ್ಲಸ್ ಕ್ರಾಕ್‌ಫರ್ಡ್ ಮತ್ತು ಚಿಪ್ ಮಾರ್ನಿಂಗ್‌ಸ್ಟಾರ್. ಇಬ್ಬರೂ ಲೂಕಾಸ್‌ಫಿಲ್ಮ್ ಚಿತ್ರಸಂಸ್ಥೆಯಲ್ಲಿ ಕೆಲಸ ಮಾಡಿ ಬಂದವರು. ಮಾರ್ನಿಂಗ್‌ಸ್ಟಾರ್ 1980ರ ದಶಕದಲ್ಲೇ ರ‍್ಯಾಂಡಿ ಫಾರ್ಮರ್ ಜೊತೆ ಸೇರಿ ‘ಹ್ಯಾಬಿಟ್ಯಾಟ್’ ಎಂಬ ಕಾಲ್ಪನಿಕ ಲೋಕವನ್ನು ಕಟ್ಟಿದ್ದರು. ಕಮೊಡೋರ್ 64 ಎಂಬ ಪುಟ್ಟ ಗಣಕದ ಮುಂದೆ ಕೂತವರು ತಂತಿಯ ಮೂಲಕ ಒಬ್ಬರನ್ನೊಬ್ಬರು ಅಲ್ಲಿ ಭೇಟಿಯಾಗುತ್ತಿದ್ದರು. ಆ ತಂತಿಯಲ್ಲಿ ಚಿತ್ರ ಕಳಿಸುವ ಮಾತೇ ಇರಲಿಲ್ಲ. ಯಾರು ಎಲ್ಲಿ ನಿಂತರು, ಏನು ಎತ್ತಿಕೊಂಡರು ಎಂಬ ಚಿಕ್ಕ ಚಿಕ್ಕ ಸಂದೇಶಗಳು ಮಾತ್ರ ಓಡಾಡುತ್ತಿದ್ದವು. ಚಿತ್ರ ಬಿಡಿಸುವ ಹೊಣೆ ಮನೆಯ ಗಣಕದ್ದು. ಬಡ ತಂತಿಯ ಮೇಲೆ ಶ್ರೀಮಂತ ಲೋಕವನ್ನು ನಡೆಸಬಹುದು ಎಂದು ಕಣ್ಣಾರೆ ಕಂಡಿದ್ದವರಿಗೆ, ಹದಿನೈದು ವರ್ಷದ ನಂತರವೂ ವೆಬ್ ಇಷ್ಟು ಜಡವಾಗಿರುವುದು ಸಹ್ಯವಾಗಲಿಲ್ಲ.

2001ರ ಮಾರ್ಚ್‌ನಲ್ಲಿ ಅವರು ‘ಸ್ಟೇಟ್ ಸಾಫ್ಟ್‌ವೇರ್’ ಎಂಬ ಕಂಪನಿ ತೆರೆದರು. ಅದಕ್ಕಿಂತ ಕೆಟ್ಟ ಮುಹೂರ್ತ ಸಿಗುವಂತಿರಲಿಲ್ಲ. ಡಾಟ್‌ಕಾಮ್ ಗುಳ್ಳೆ ಒಡೆದು ಒಂದು ವರ್ಷವಾಗಿತ್ತು. ವೆಬ್ ಎಂಬ ಪದ ಕೇಳಿದರೇ ಹೂಡಿಕೆದಾರರು ಎದ್ದು ಹೋಗುತ್ತಿದ್ದ ಕಾಲ. ಇವರ ಹಂಬಲ ಮಾತ್ರ ಸ್ಪಷ್ಟವಾಗಿತ್ತು. ಪುಟ ಒಮ್ಮೆ ತೆರೆದರೆ ತೆರೆದೇ ಇರಬೇಕು. ಹಿನ್ನೆಲೆಯಲ್ಲಿ ಸರ್ವರ್ ಮತ್ತು ಬ್ರೌಸರ್ ಮಾತಾಡಿಕೊಳ್ಳುತ್ತಲೇ ಇರಬೇಕು. ಬದಲಾದ ತುಣುಕು ಮಾತ್ರ ಬದಲಾಗಬೇಕು. ಬಳಕೆದಾರ ಹೊಸದೇನನ್ನೂ ಸ್ಥಾಪಿಸಿಕೊಳ್ಳುವ ಅಗತ್ಯ ಇರಬಾರದು. ಅಂದರೆ ಬ್ರೌಸರ್‌ನೊಳಗೆ ಆಗಲೇ ಇದ್ದ ಸಾಮಾನಿನಲ್ಲೇ ಎಲ್ಲವನ್ನೂ ಮಾಡಿ ಮುಗಿಸಬೇಕಿತ್ತು.

ಇದ್ದ ಸಾಮಾನು ಜಾವಾಸ್ಕ್ರಿಪ್ಟ್. ಅದಕ್ಕೆ ಆಗ ಯಾವ ಮರ್ಯಾದೆಯೂ ಇರಲಿಲ್ಲ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಅದರ ಮೊದಲ ರೂಪವನ್ನು ಬರೆದು ಮುಗಿಸಿದ್ದರು. ಬ್ರೌಸರ್‌ನೊಳಗೆ ಸ್ಕೀಮ್ ಎಂಬ ಸೊಗಸಾದ ಭಾಷೆಯನ್ನು ಕೂರಿಸುವ ಆಸೆಯಿಂದ ಬಂದವರು ಅವರು. ಮೇಲಧಿಕಾರಿಗಳಿಗೆ ಜಾವಾದಂತೆ ಕಾಣುವ ಭಾಷೆ ಬೇಕಿತ್ತು. ಆತುರದಲ್ಲಿ ಹುಟ್ಟಿದ ಆ ಕೂಸಿಗೆ ಮೊದಲು ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್, ಡಿಸೆಂಬರ್ ಹೊತ್ತಿಗೆ ಜಾವಾಸ್ಕ್ರಿಪ್ಟ್ ಎಂದು ಮೂರು ಸಲ ನಾಮಕರಣವಾಯಿತು. ಗುಂಡಿಯ ಮೇಲೆ ಮೌಸ್ ಇಟ್ಟರೆ ಬಣ್ಣ ಬದಲಿಸಲು, ಬೇಡದ ಜಾಹೀರಾತಿನ ಕಿಟಕಿಗಳನ್ನು ಮುಖಕ್ಕೆ ಹಿಡಿಯಲು, ಬ್ರೌಸರ್‌ನ ತಳದ ಪಟ್ಟಿಯಲ್ಲಿ ಅಕ್ಷರ ಓಡಿಸಲು ಜನ ಅದನ್ನು ಬಳಸುತ್ತಿದ್ದರು. ಗಂಭೀರ ಪ್ರೋಗ್ರಾಮರ್‌ಗಳು ಅದನ್ನು ಆಟಿಕೆ ಎಂದು ಬದಿಗಿಟ್ಟಿದ್ದರು.

ಕ್ರಾಕ್‌ಫರ್ಡ್ ಅವರಿಗೂ ಮೊದಮೊದಲು ಅದು ರುಚಿಸಿರಲಿಲ್ಲ. ಆದರೆ ಬೇರೆ ದಾರಿ ಇಲ್ಲದೆ ಅದರ ನಿಯಮ ಪುಸ್ತಕವನ್ನು ಸಾಲು ಸಾಲಾಗಿ ಓದಿದಾಗ, ಜೊಳ್ಳಿನ ರಾಶಿಯಡಿ ಗಟ್ಟಿ ಕಾಳುಗಳಿರುವುದು ಅವರಿಗೆ ಕಂಡಿತು. ಅದೇ 2001ರಲ್ಲಿ ಅವರು, ಇದು ಜಗತ್ತಿನಲ್ಲೇ ಅತಿ ಹೆಚ್ಚು ತಪ್ಪಾಗಿ ತಿಳಿಯಲ್ಪಟ್ಟ ಭಾಷೆ ಎಂದು ವಾದಿಸಿ ಲೇಖನ ಬರೆದರು. ಕಾಳುಗಳ ಪೈಕಿ ಒಂದು ಬಹಳ ಚಿಕ್ಕದು. ಪುಷ್ಪಾವರಣದ ಎರಡು ಬಳ್ಳಿಗಳ ನಡುವೆ ಹೆಸರು, ಕೋಲನ್, ಬೆಲೆ ಎಂದು ಬರೆಯುತ್ತ ಹೋದರೆ ಒಂದು ವಸ್ತು ಅಲ್ಲೇ ಸಿದ್ಧವಾಗುತ್ತಿತ್ತು. ಚೌಕಾವರಣದೊಳಗೆ ಅಲ್ಪವಿರಾಮ ಹಾಕುತ್ತ ಬರೆದರೆ ಪಟ್ಟಿ ಸಿದ್ಧವಾಗುತ್ತಿತ್ತು. ಪ್ರೋಗ್ರಾಮರ್‌ಗಳು ಇವುಗಳನ್ನು ಆಬ್ಜೆಕ್ಟ್ ಲಿಟರಲ್, ಅರೇ ಲಿಟರಲ್ ಎನ್ನುತ್ತಾರೆ. 1999ರ ಡಿಸೆಂಬರ್‌ನಲ್ಲಿ ಬಂದ ಭಾಷೆಯ ಮೂರನೇ ಅಧಿಕೃತ ಆವೃತ್ತಿಯಲ್ಲಿ ಇವೆರಡಕ್ಕೂ ಜಾಗ ಸಿಕ್ಕಿತ್ತು. ಪ್ರೋಗ್ರಾಂ ಬರೆಯುವವನ ಕೈನೋವು ಕಡಿಮೆ ಮಾಡಲು ಇಟ್ಟ ಸಣ್ಣ ಸೌಕರ್ಯ ಇದು. ತಂತಿಯ ಮೇಲೆ ಸಾಗಿಸುವ ಸರಕಿಗೆ ಇದೇ ಡಬ್ಬಿಯಾಗಬಹುದು ಎಂಬ ಯೋಚನೆ ಅದನ್ನು ನಿಯಮ ಪುಸ್ತಕಕ್ಕೆ ಸೇರಿಸಿದವರಿಗೆ ಇದ್ದಂತೆ ಕಾಣುವುದಿಲ್ಲ.

ಸರಕು ಸಾಗಣೆಗೆ ಆ ಕಾಲದಲ್ಲಿ ಉತ್ತರ ಒಂದೇ, ಎಕ್ಸ್‌ಎಂಎಲ್. 1998ರ ಫೆಬ್ರವರಿಯಲ್ಲಿ ಅದು ಅಧಿಕೃತ ಶಿಫಾರಸಾಗಿ ಹೊರಬಂದ ಮೇಲೆ ದೊಡ್ಡ ಕಂಪನಿಗಳೆಲ್ಲ ಅದರ ಹಿಂದೆ ನಿಂತಿದ್ದವು. ಪ್ರತಿ ಮಾಹಿತಿಗೂ ತೆರೆಯುವ ಗುರುತು, ಮುಚ್ಚುವ ಗುರುತು. ದಾಖಲೆಗಳಿಗೆ ಅದು ಚೆನ್ನಾಗಿ ಒಗ್ಗುತ್ತಿತ್ತು. ಆದರೆ ಬ್ರೌಸರ್‌ನೊಳಗೆ ಜಾವಾಸ್ಕ್ರಿಪ್ಟ್ ಬಳಸಿ ಎಕ್ಸ್‌ಎಂಎಲ್ ಬಿಡಿಸುವುದು ಹಿಂಸೆಯ ಕೆಲಸ. ಒಂದು ಬ್ರೌಸರ್‌ನಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಹಣವಿಲ್ಲದ, ಕೈಬೆರಳೆಣಿಕೆಯ ಜನರ ಕಂಪನಿ ಎರಡೆರಡು ಬಗೆಯ ಬಿಡಿಸುವ ಯಂತ್ರ ಬರೆಯುತ್ತ ಕೂರುವಂತಿರಲಿಲ್ಲ.

ಹಾಗಾಗಿ ಅವರು ಹಳೆಯ ಸೌಕರ್ಯಗಳನ್ನು ಒಂದರ ಮೇಲೊಂದು ಪೇರಿಸಿದರು. ಪುಟವನ್ನು ಚೌಕಟ್ಟುಗಳಾಗಿ ಸೀಳುವ ಫ್ರೇಮ್ ಎಂಬ ಹಳೆಯ ಏರ್ಪಾಡು ಆಗಲೇ ಹಳಸಿತ್ತು. ಸಜ್ಜನರು ಅದನ್ನು ಬಳಸಬಾರದು ಎಂಬ ಉಪದೇಶ ಎಲ್ಲೆಡೆ ಇತ್ತು. ಇವರು ಕಣ್ಣಿಗೆ ಕಾಣದ ಒಂದು ಫ್ರೇಮನ್ನು ಪುಟದೊಳಗೆ ಅಡಗಿಸಿಟ್ಟರು. ಬ್ರೌಸರ್‌ನಿಂದ ಏನಾದರೂ ಹೇಳಬೇಕಾದರೆ ಒಂದು ಫಾರಂ ತುಂಬಿ ಆ ಗುಪ್ತ ಫ್ರೇಮ್‌ನ ಮೂಲಕ ಸರ್ವರ್‌ಗೆ ಒಪ್ಪಿಸಬೇಕು. ಉತ್ತರವಾಗಿ ಸರ್ವರ್ ಕಳಿಸಿದ ಪುಟ ಅದೇ ಗುಪ್ತ ಫ್ರೇಮ್‌ಗೆ ಬಂದಿಳಿಯುತ್ತದೆ. ಮುಖ್ಯ ಪುಟ ಅಲುಗುವುದಿಲ್ಲ, ಪರದೆ ಬೆಳ್ಳಗಾಗುವುದಿಲ್ಲ.

ಕುಶಲತೆ ಇದ್ದದ್ದು ಬಂದಿಳಿಯುವ ಪುಟದಲ್ಲಿ. ಅದರಲ್ಲಿ ಓದುವ ಪಠ್ಯವೇ ಇರಲಿಲ್ಲ, ಒಂದು ಸ್ಕ್ರಿಪ್ಟ್ ಮಾತ್ರ ಇತ್ತು. ಮಾಹಿತಿಯನ್ನು ಆಬ್ಜೆಕ್ಟ್ ಲಿಟರಲ್ ರೂಪದಲ್ಲಿ ಬರೆದು, ಅದನ್ನು ಹೊರಗಿನ ಪುಟದ ಒಂದು ಫಂಕ್ಷನ್‌ಗೆ ಒಪ್ಪಿಸುವ ಸಾಲು ಆ ಸ್ಕ್ರಿಪ್ಟ್‌ನಲ್ಲಿತ್ತು. ಬ್ರೌಸರ್ ಅದನ್ನು ಎಂದಿನಂತೆ ಪ್ರೋಗ್ರಾಂ ಎಂದು ಓಡಿಸುತ್ತದೆ. ಓಡಿಸುವ ಹೊತ್ತಿಗೆ ಮಾಹಿತಿ ತಾನಾಗಿಯೇ ಬಿಚ್ಚಿಕೊಂಡು ಜೀವಂತ ವಸ್ತುವಾಗಿ ಮುಖ್ಯ ಪುಟದ ಕೈ ಸೇರುತ್ತದೆ. ನಡುವೆ ಒಂದು ಗೋಡೆ ಇತ್ತು. ಬೇರೆ ಬೇರೆ ಸರ್ವರ್‌ನಿಂದ ಬಂದ ಫ್ರೇಮ್‌ಗಳು ಪರಸ್ಪರ ಮುಟ್ಟದಂತೆ ಬ್ರೌಸರ್ ಕಾವಲು ಕಾಯುತ್ತಿತ್ತು. ಎರಡೂ ಕಡೆಯವರು ತಾವು ಒಂದೇ ಡೊಮೈನ್‌ನ ಮನೆಯವರೆಂದು ಘೋಷಿಸಿಕೊಂಡರೆ ಕಾವಲುಗಾರ ಬಿಡುತ್ತಿದ್ದ. ಅದಕ್ಕೂ ಒಂದು ಹಳೆಯ ಸಾಲು ಭಾಷೆಯಲ್ಲಿತ್ತು. ಅದನ್ನೂ ಸೇರಿಸಿದರು.

ಏಪ್ರಿಲ್ ತಿಂಗಳು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿದ್ದ ಮಾರ್ನಿಂಗ್‌ಸ್ಟಾರ್ ಮನೆಯ ಗ್ಯಾರೇಜಿನಲ್ಲಿ ಸರ್ವರ್ ಸಿದ್ಧವಾಯಿತು. ಮೊದಲ ಸಂದೇಶ ಮೂರೇ ಅಂಶಗಳದ್ದು. ಯಾರಿಗೆ ಎಂಬುದಕ್ಕೆ ‘ಟು’, ಏನು ಮಾಡಬೇಕು ಎಂಬುದಕ್ಕೆ ‘ಡೂ’, ಹೇಳುವ ಮಾತಿಗೆ ‘ಟೆಕ್ಸ್ಟ್’. ಮಾತು, ಪ್ರೋಗ್ರಾಮರ್‌ಗಳೆಲ್ಲ ಮೊದಲ ಪ್ರಯತ್ನಕ್ಕೆ ಬರೆಯುವ ‘ಹಲೋ ವರ್ಲ್ಡ್’. ಸಂದೇಶ ಹೊರಟಿತು, ತಂತಿ ದಾಟಿತು, ಗುಪ್ತ ಫ್ರೇಮ್‌ಗೆ ಇಳಿಯಿತು. ಮುಖ್ಯ ಪುಟಕ್ಕೆ ಏನೂ ತಲುಪಲಿಲ್ಲ. ವ್ಯಾಕರಣ ದೋಷವಿದೆ ಎಂದು ಬ್ರೌಸರ್ ಇಡೀ ಸ್ಕ್ರಿಪ್ಟನ್ನೇ ತಿರಸ್ಕರಿಸಿತ್ತು.

ಇಂಥ ಹೊತ್ತಿನಲ್ಲಿ ಅನುಮಾನ ಮೊದಲು ಹೋಗುವುದು ದೊಡ್ಡ ಸಂಗತಿಗಳ ಕಡೆಗೆ. ಗುಪ್ತ ಫ್ರೇಮ್ ಇತ್ತು, ಡೊಮೈನ್ ಗೋಡೆ ಇತ್ತು, ಜಾಲದ ಸಂಪರ್ಕ ಇತ್ತು, ಯಾವುದಾದರೂ ಕೈಕೊಡಬಹುದಿತ್ತು. ಅವೆಲ್ಲ ಸರಿಯಾಗಿಯೇ ಇದ್ದವು. ತಪ್ಪು ಅಡಗಿದ್ದು ‘ಡೂ’ ಎಂಬ ಪುಟ್ಟ ಪದದಲ್ಲಿ. ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆಜ್ಞೆಗೆಂದು ಜಾವಾಸ್ಕ್ರಿಪ್ಟ್ ಆ ಪದವನ್ನು ಮೀಸಲಿಟ್ಟುಕೊಂಡಿತ್ತು. ಮೀಸಲು ಪದವನ್ನು ವಸ್ತುವಿನೊಳಗಿನ ಹೆಸರಾಗಿ ಬರೆಯಲು ಮೂರನೇ ಆವೃತ್ತಿಯ ನಿಯಮ ಒಪ್ಪುತ್ತಿರಲಿಲ್ಲ. ಆ ಪಟ್ಟಿಯೂ ವಿಚಿತ್ರವಾದದ್ದು. ‘ಗೋಟೂ’, ‘ಇಂಟ್’, ‘ಅಬ್‌ಸ್ಟ್ರಾಕ್ಟ್’ನಂಥ, ಭಾಷೆ ಅಂದು ಬಳಸದೇ ಇದ್ದ ಪದಗಳೂ ಮುಂದೆಂದಾದರೂ ಬೇಕಾದೀತು ಎಂದು ಅದರಲ್ಲಿ ಬೇಲಿ ಹಾಕಿಸಿಕೊಂಡು ಕೂತಿದ್ದವು.

ಪರಿಹಾರ ಕ್ಷಣದ ಕೆಲಸ. ಹೆಸರಿನ ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿದರೆ ಅದು ಬರೀ ಅಕ್ಷರಗಳ ಸರಮಾಲೆಯಾಗುತ್ತದೆ. ಭಾಷೆಗೆ ಅದರ ಮೇಲೆ ಹಕ್ಕಿರುವುದಿಲ್ಲ. ಚಿಹ್ನೆ ಬಿತ್ತು. ಸಂದೇಶ ತಲುಪಿತು. ಪರದೆ ಬೆಳ್ಳಗಾಗದೆ ಸರ್ವರ್‌ನ ಮಾತು ಪುಟದೊಳಗೆ ಕೇಳಿಸಿತು.

ಅಲ್ಲಿಗೇ ಬಿಟ್ಟಿದ್ದರೆ ಅದೊಂದು ತೇಪೆಯಾಗಿ ಉಳಿಯುತ್ತಿತ್ತು. ಕ್ರಾಕ್‌ಫರ್ಡ್ ಅದನ್ನು ನಿಯಮವಾಗಿಸಿದರು. ಮೀಸಲು ಪದಗಳಿಗೆ ಮಾತ್ರ ಚಿಹ್ನೆ ಬೇಕು ಎಂದರೆ ಆ ವಿಚಿತ್ರ ಪಟ್ಟಿಯನ್ನು ಪ್ರತಿಯೊಬ್ಬರಿಗೂ ಕೊಟ್ಟು, ಅದೇಕೆ ಹಾಗಿದೆ ಎಂದು ವಿವರಿಸುತ್ತ ಹೋಗಬೇಕಿತ್ತು. ಯಾವ ಅಕ್ಷರಗಳು ಹೆಸರಿನಲ್ಲಿ ಬರಬಹುದು ಎಂಬುದೂ ತಲೆನೋವಿನ ಪ್ರಶ್ನೆಯೇ. ಎಲ್ಲ ಹೆಸರುಗಳಿಗೂ ಚಿಹ್ನೆ ಕಡ್ಡಾಯ ಎಂದುಬಿಟ್ಟರೆ ಪಟ್ಟಿಯೂ ಬೇಡ, ಪ್ರಶ್ನೆಯೂ ಇಲ್ಲ. ಹೆಸರು ಇಂಗ್ಲಿಷ್‌ನಲ್ಲಿದ್ದರೂ ಸರಿ, ಕನ್ನಡದಲ್ಲಿದ್ದರೂ ಸರಿ. ಇಂದು ಜಗತ್ತಿನ ಪ್ರೋಗ್ರಾಮರ್‌ಗಳು ದಿನವೂ ಬೇಸರದಿಂದ ಒತ್ತುವ ಆ ಜೋಡಿ ಚಿಹ್ನೆಗಳ ಮೂಲ ಗ್ಯಾರೇಜಿನ ಆ ಸೋಲಿನಲ್ಲಿದೆ.

ಸರ್ವರ್ ಕಡೆಯ ತಂತ್ರಾಂಶ ಜಾವಾದಲ್ಲಿತ್ತು. ಅಲ್ಲಿ ಈ ಬರಹವನ್ನು ಬಿಡಿಸಲು ಕ್ರಾಕ್‌ಫರ್ಡ್ ಪ್ರತ್ಯೇಕ ಪ್ರೋಗ್ರಾಂ ಬರೆದರು. ಆಗ ಇದು ಬ್ರೌಸರ್‌ನ ಒಂದು ಯುಕ್ತಿಯಷ್ಟೇ ಅಲ್ಲ, ಎರಡು ಬೇರೆ ಭಾಷೆಗಳ ನಡುವಿನ ಕರಾರು ಎಂಬುದು ಖಚಿತವಾಯಿತು. ಕರಾರಿಗೆ ಹೆಸರು ಬೇಕಾಯಿತು. ಮೊದಲು ತೋಚಿದ ‘ಜೆಎಸ್‌ಎಂಎಲ್’ ಹೆಸರು ಜಾವಾದ ಧ್ವನಿ ತಂತ್ರಜ್ಞಾನಕ್ಕೆ ಆಗಲೇ ಸಂದಿತ್ತು. ಕೊನೆಗೆ ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್ ನೊಟೇಶನ್ ಎಂಬುದರ ಮೊದಲಕ್ಷರಗಳಿಂದ ‘ಜೇಸನ್’ ಹುಟ್ಟಿತು.

ಗಿರಾಕಿಗಳು ಒಲಿಯಲಿಲ್ಲ. ಪರದೆ ಬೆಳ್ಳಗಾಗದ ಪುಟ ಕಂಡು ಬೆರಗಾದವರೂ ಒಳಗೆ ಓಡುತ್ತಿರುವುದು ಜೇಸನ್ ಎಂದು ತಿಳಿದಾಗ ಹಿಂಜರಿದರು. ಇದರ ಹೆಸರೇ ಕೇಳಿಲ್ಲ ಎಂದರು ಕೆಲವರು. ನಾವು ಈಗಷ್ಟೇ ಎಕ್ಸ್‌ಎಂಎಲ್‌ಗೆ ಬದ್ಧರಾಗಿದ್ದೇವೆ ಎಂದರು ಇನ್ನು ಕೆಲವರು. ಇದು ಮಾನಕವಲ್ಲವಲ್ಲ ಎಂಬುದು ಮತ್ತೊಂದು ತಕರಾರು. ಮಾನಕ ಭಾಷೆಯೊಂದರ ಭಾಗವೇ ಇದು ಎಂಬ ವಾದ ಅವರ ಕಿವಿಗೆ ಬೀಳಲಿಲ್ಲ. ಮಾನಕ ಎನ್ನಿಸಿಕೊಳ್ಳಲು ಸಮಿತಿ ಬೇಕು, ಸಭೆಗಳು ಬೇಕು, ವರ್ಷಗಳು ಬೇಕು. ಕ್ರಾಕ್‌ಫರ್ಡ್ ಬಳಿ ಅವು ಯಾವುವೂ ಇರಲಿಲ್ಲ. ಅವರು ಜೇಸನ್ ಹೆಸರಿನಲ್ಲೇ ಒಂದು ಡೊಮೈನ್ ಕೊಂಡು, ಒಂದೇ ಪುಟದಲ್ಲಿ ಅಷ್ಟೂ ವ್ಯಾಕರಣವನ್ನು ರೈಲು ಹಳಿಗಳಂತೆ ಕವಲೊಡೆಯುವ ಚಿತ್ರಗಳಲ್ಲಿ ಬರೆದಿಟ್ಟು, ಇದೇ ಮಾನಕ ಎಂದು ಘೋಷಿಸಿದರು. ವ್ಯಾಕರಣ ಎಷ್ಟು ಕಿರಿದೆಂದರೆ ಅದು ಭೇಟಿ ಚೀಟಿಯೊಂದರ ಹಿಂಬದಿಯಲ್ಲಿ ಹಿಡಿಸುತ್ತಿತ್ತು. ಅದಕ್ಕೆ ಅವರು ಆವೃತ್ತಿ ಸಂಖ್ಯೆಯನ್ನೇ ಕೊಡಲಿಲ್ಲ. ಒಂದು ಎಂದು ಬರೆದರೆ ಎರಡು ಬಂದೇ ಬರುತ್ತದೆ. ಜೇಸನ್ ಎಂದಿಗೂ ಬದಲಾಗಬಾರದು ಎಂಬುದು ಅವರ ಹಟ. ಈ ಇಡೀ ಕತೆಯಲ್ಲಿ ಅತ್ಯಂತ ದೂರದೃಷ್ಟಿಯ ನಿರ್ಧಾರ ಇದೇ ಇರಬೇಕು.

ಕಂಪನಿ ಬಾಳಲಿಲ್ಲ. ಆ ಒಂಟಿ ಪುಟ ಮಾತ್ರ ಜಾಲದಲ್ಲಿ ಉಳಿಯಿತು. ಪ್ರಚಾರವಿರಲಿಲ್ಲ, ಮಾರಾಟಗಾರರಿರಲಿಲ್ಲ. ದಾರಿ ತಪ್ಪಿ ಬಂದವರು ಓದಿದರು. ಕೆಲವರು ತಮ್ಮ ಭಾಷೆಯಲ್ಲಿ ಜೇಸನ್ ಬಿಡಿಸುವ ಪ್ರೋಗ್ರಾಂ ಬರೆದು ಹಂಚಿದರು. ವ್ಯಾಕರಣ ಚಿಕ್ಕದಾದ್ದರಿಂದ ಆ ಕೆಲಸ ಒಬ್ಬನ ಕೈಯಲ್ಲೇ ಆಗುತ್ತಿತ್ತು. ಹೀಗೆ ಕೆಲವು ವರ್ಷ ಕಳೆದವು.

2004ರ ಏಪ್ರಿಲ್‌ನಲ್ಲಿ ಜಿಮೇಲ್ ಬಂತು, 2005ರ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂತು. ಪರದೆ ಬೆಳ್ಳಗಾಗದ ಪುಟಗಳನ್ನು ಜನ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಕಂಡರು. ಅದೇ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ಬಗೆಯ ಕೆಲಸಕ್ಕೆ ‘ಏಜಾಕ್ಸ್’ ಎಂದು ಹೆಸರಿಟ್ಟರು. ಗುಪ್ತ ಫ್ರೇಮ್‌ಗಳ ಬದಲಿಗೆ, ಮೈಕ್ರೋಸಾಫ್ಟ್ 1999ರಲ್ಲಿ ತನ್ನ ಬ್ರೌಸರ್‌ನಲ್ಲಿಟ್ಟಿದ್ದ ಇನ್ನೊಂದು ಮರೆತ ಸೌಕರ್ಯ ಮುನ್ನೆಲೆಗೆ ಬಂತು. ಏಜಾಕ್ಸ್ ಎಂಬ ಹೆಸರಿನ ಕೊನೆಯ ಅಕ್ಷರ ಎಕ್ಸ್‌ಎಂಎಲ್‌ನದು. ಆದರೆ ಏಜಾಕ್ಸ್ ಕೈಗೆತ್ತಿಕೊಂಡ ಪ್ರೋಗ್ರಾಮರ್‌ಗಳು ಎಕ್ಸ್‌ಎಂಎಲ್ ಬಿಡಿಸಲು ಹೆಣಗಾಡಿ, ಸುಲಭದ ದಾರಿ ಹುಡುಕುತ್ತ ಹೋದಾಗ ಅದೇ ಒಂಟಿ ಪುಟಕ್ಕೆ ಬಂದು ಮುಟ್ಟಿದರು. 2005ರ ಡಿಸೆಂಬರ್‌ನಲ್ಲಿ ಯಾಹೂ ತನ್ನ ಕೆಲವು ಸೇವೆಗಳನ್ನು ಜೇಸನ್‌ನಲ್ಲಿ ಕೊಡತೊಡಗಿತು. ಅದೇ ತಿಂಗಳು ಬಾಬ್ ಇಪ್ಪೊಲಿಟೊ ‘ಜೇಸನ್‌ಪಿ’ ಎಂಬ ಯುಕ್ತಿ ಮುಂದಿಟ್ಟರು. ಬ್ರೌಸರ್ ಬೇರೆ ಸರ್ವರ್‌ನ ಮಾಹಿತಿಯನ್ನು ಓದಗೊಡದಿದ್ದರೂ ಬೇರೆ ಸರ್ವರ್‌ನ ಸ್ಕ್ರಿಪ್ಟನ್ನು ತರಿಸಿ ಓಡಿಸಲು ಬಿಡುತ್ತಿತ್ತು. ಮಾಹಿತಿಯನ್ನೇ ಒಂದು ಫಂಕ್ಷನ್ ಕರೆಯೊಳಗೆ ಸುತ್ತಿ ಸ್ಕ್ರಿಪ್ಟ್ ಎಂದು ಕಳಿಸಿದರೆ ಗೋಡೆ ದಾಟಬಹುದಿತ್ತು. ಗ್ಯಾರೇಜಿನ ವಿದ್ಯೆಯ ಇನ್ನೊಂದು ರೂಪ ಅದು.

ಮಾಹಿತಿ ಪಠ್ಯವಾಗಿ ಬಂದಾಗ ಅದನ್ನು ವಸ್ತುವಾಗಿಸಲು ‘ಇವ್ಯಾಲ್’ ಎಂಬ ಹಳೆಯ ಫಂಕ್ಷನ್ ಇತ್ತು. ಕೊಟ್ಟ ಪಠ್ಯವನ್ನೆಲ್ಲ ಪ್ರೋಗ್ರಾಂ ಎಂದು ಓಡಿಸಿಬಿಡುವ ಆ ಫಂಕ್ಷನ್‌ಗೂ ಒಂದು ತರಲೆ ಇತ್ತು. ಸಾಲಿನ ಆರಂಭದಲ್ಲಿ ಪುಷ್ಪಾವರಣ ಕಂಡರೆ ಅದು ವಸ್ತು ಎಂದು ತಿಳಿಯದೆ ಆಜ್ಞೆಗಳ ಗುಂಪು ಎಂದು ತಿಳಿಯುತ್ತಿತ್ತು. ಹೊರಗಡೆ ಒಂದು ಜೋಡಿ ದುಂಡು ಆವರಣ ಹಾಕಿ ಅದನ್ನು ಸರಿದಾರಿಗೆ ತಂದರು. ಅಪಾಯ ಅದಕ್ಕಿಂತ ದೊಡ್ಡದು. ಬಂದ ಪಠ್ಯದಲ್ಲಿ ಯಾರಾದರೂ ವಿಷ ಬೆರೆಸಿದ್ದರೆ ಅದೂ ಓಡಿಬಿಡುತ್ತಿತ್ತು. ಕ್ರಾಕ್‌ಫರ್ಡ್ ಮೊದಲು ಪಠ್ಯವನ್ನು ಜರಡಿ ಹಿಡಿದು, ಜೇಸನ್ ಅಲ್ಲದ್ದೇನೂ ಇಲ್ಲವೆಂದು ಕಂಡ ಮೇಲಷ್ಟೇ ಇವ್ಯಾಲ್‌ಗೆ ಕೊಡುವ ಚಿಕ್ಕ ಪ್ರೋಗ್ರಾಂ ಬರೆದು ಉಚಿತವಾಗಿ ಹಂಚಿದರು. 2009ರಲ್ಲಿ ಬ್ರೌಸರ್‌ಗಳು ತಾವೇ ಜೇಸನ್ ಬಿಡಿಸಲು ಕಲಿತ ಮೇಲೆ ಆ ಭಯ ಕಳೆಯಿತು.

ವಿರೋಧ ಕಡಿಮೆ ಇರಲಿಲ್ಲ. 2006ರ ಕೊನೆಯಲ್ಲಿ ವೆಬ್‌ತಾಣಗಳ ಹೊಸ ಬರಹಗಳನ್ನು ಹಂಚುವ ಆರ್‌ಎಸ್‌ಎಸ್ ಮಾದರಿಯಿಂದ ಖ್ಯಾತರಾದ ಡೇವ್ ವೈನರ್, ಇದು ಎಕ್ಸ್‌ಎಂಎಲ್ಲೇ ಅಲ್ಲವಲ್ಲ ಎಂದು ಕೆರಳಿ ಬರೆದರು. ಒಳಗಿನಿಂದಲೂ ಒಂದು ಅಪಾಯ ಎದ್ದಿತ್ತು. ಜೇಸನ್‌ನ ಮೊದಲ ರೂಪದಲ್ಲಿ ಟಿಪ್ಪಣಿ ಬರೆಯಲು ಅವಕಾಶವಿತ್ತು. ಕೆಲವರು ಆ ಟಿಪ್ಪಣಿಗಳೊಳಗೆ ತಮ್ಮ ತಂತ್ರಾಂಶಕ್ಕೆ ಮಾತ್ರ ಅರ್ಥವಾಗುವ ಗುಪ್ತ ಆದೇಶಗಳನ್ನು ಇಡತೊಡಗಿದರು. ಹಾಗೆ ಬಿಟ್ಟರೆ ಒಬ್ಬರ ಜೇಸನ್ ಇನ್ನೊಬ್ಬರಿಗೆ ಓದಲಾಗದು. ಕ್ರಾಕ್‌ಫರ್ಡ್ ಟಿಪ್ಪಣಿಗಳನ್ನು ಕಿತ್ತೇ ಹಾಕಿದರು. ಇಂದಿಗೂ ಆ ಬಗ್ಗೆ ಪ್ರೋಗ್ರಾಮರ್‌ಗಳು ಗೊಣಗುತ್ತಾರೆ. ಆ ಕಠೋರತೆ ಇಲ್ಲದಿದ್ದರೆ ಗೊಣಗಲು ಜೇಸನ್ನೇ ಉಳಿಯುತ್ತಿರಲಿಲ್ಲ.

ಅದು ಗೆದ್ದ ಗುಟ್ಟು ಸರಳ. ಹೆಸರು-ಬೆಲೆಗಳ ಜೋಡಿ, ಕ್ರಮಬದ್ಧ ಪಟ್ಟಿ, ಸಂಖ್ಯೆ, ಪಠ್ಯ, ಹೌದು-ಅಲ್ಲ, ಏನೂ ಇಲ್ಲ ಎಂಬ ಗುರುತು: ಇಷ್ಟೇ ಜೇಸನ್. ಇವು ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳ ಒಳಗೂ ಒಂದಲ್ಲ ಒಂದು ರೂಪದಲ್ಲಿ ಆಗಲೇ ಇದ್ದವು. ಬ್ರೌಸರ್‌ನೊಳಗಂತೂ ಅದನ್ನು ಓದುವ ಯಂತ್ರ 2001ಕ್ಕೂ ಮೊದಲೇ ಪ್ರತಿ ಗಣಕಕ್ಕೆ ತಲುಪಿಯಾಗಿತ್ತು, ಏಕೆಂದರೆ ಆ ಯಂತ್ರ ಜಾವಾಸ್ಕ್ರಿಪ್ಟೇ ಆಗಿತ್ತು. ಅದಕ್ಕೇ ಕ್ರಾಕ್‌ಫರ್ಡ್ ತಾನು ಜೇಸನ್ ಸೃಷ್ಟಿಸಿದೆ ಎಂದು ಎಂದೂ ಹೇಳಿಕೊಂಡವರಲ್ಲ. ಇದ್ದದ್ದನ್ನು ಕಂಡೆ, ಹೆಸರಿಟ್ಟೆ, ಉಪಯೋಗ ತೋರಿಸಿದೆ ಎನ್ನುತ್ತಾರೆ. ನೆಟ್‌ಸ್ಕೇಪ್‌ನಲ್ಲಿ 1996ರಷ್ಟು ಹಿಂದೆಯೇ ಯಾರೋ ಅರೇ ಲಿಟರಲ್‌ಗಳಲ್ಲಿ ಮಾಹಿತಿ ಕಳಿಸುತ್ತಿದ್ದರು ಎಂಬುದನ್ನು ಹುಡುಕಿ ಹೇಳಿದವರೂ ಅವರೇ.

ಒಂದು ಬಿರುಕು ಬಹಳ ಕಾಲ ಉಳಿದಿತ್ತು. ಜೇಸನ್ ಜಾವಾಸ್ಕ್ರಿಪ್ಟ್‌ನ ಭಾಗ ಎಂದು ಎಲ್ಲರೂ ನಂಬಿದ್ದರೂ, ಸಾಲನ್ನೂ ಪ್ಯಾರಾವನ್ನೂ ಬೇರ್ಪಡಿಸುವ ಯೂನಿಕೋಡ್‌ನ ಎರಡು ಅಪರೂಪದ ಚಿಹ್ನೆಗಳನ್ನು ಜೇಸನ್ ಪಠ್ಯದೊಳಗೆ ಒಪ್ಪುತ್ತಿತ್ತು, ಜಾವಾಸ್ಕ್ರಿಪ್ಟ್ ಒಪ್ಪುತ್ತಿರಲಿಲ್ಲ. 2019ರ ಜೂನ್‌ನಲ್ಲಿ ಬಂದ ಜಾವಾಸ್ಕ್ರಿಪ್ಟ್‌ನ ಹತ್ತನೇ ಅಧಿಕೃತ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ತಿದ್ದಿದ್ದು ಜಾವಾಸ್ಕ್ರಿಪ್ಟ್‌ನ ವ್ಯಾಕರಣವನ್ನು. ಜೇಸನ್‌ನಲ್ಲಿ ಒಂದು ಚುಕ್ಕೆಯೂ ಬದಲಾಗಲಿಲ್ಲ.